ನಿಲ್ಲದ ಪಂಪನ್ನು ನಿಲ್ಲಿಸಿದ ಗ್ರಾಫು

ನಾನು ಚರ್ಚಾಸ್ಪರ್ಧೆಗಳಲ್ಲಿ ಬೆಳೆದವಳು. ಹೈಸ್ಕೂಲಿನಿಂದ ಡಿಗ್ರಿಯವರೆಗೆ ಮುಂಬೈ ಪಕ್ಕದ ಕಲ್ಯಾಣ, ಡೊಂಬಿವಲಿ, ಠಾಣೆ ಕಡೆ ಯಾವ ಸಭಾಂಗಣದಲ್ಲಿ ಮೈಕು ಕಂಡರೂ ಹೋಗಿ, ವಿಷಯದ ಪರವೋ ವಿರೋಧವೋ, ಕೊಟ್ಟ ಕಡೆ ನಿಂತು ವಾದಿಸಿ, ಸ್ಟೀಲ್ ಡಬ್ಬವೋ ಗೋಡೆಗೆ ನೇತುಹಾಕುವ ಫಲಕವೋ ಗೆದ್ದು ತಂದವಳು. ಎದುರಿನವರ ಮಾತಿನಲ್ಲಿ ಬಿರುಕು ಎಲ್ಲಿದೆ ಎಂಬುದು ಅವರು ವಾಕ್ಯ ಮುಗಿಸುವ ಮೊದಲೇ ನನಗೆ ಕಾಣುತ್ತದೆ. ಕಂಡ ಮೇಲೆ ಉಳಿದ ವಾಕ್ಯವನ್ನು ಕೇಳುವ ಸಹನೆ ಇರುವುದಿಲ್ಲ.

ಮನೆಯಲ್ಲಿ ನನ್ನ ಮೊದಲ ಎದುರಾಳಿ ಅಪ್ಪ. ಗದಗಿನ ಕಡೆಯಿಂದ ಬಂದು ಡೊಂಬಿವಲಿಯಲ್ಲಿ ನೆಲೆ ನಿಂತವರು. ದಿನಾ ಬೆಳಿಗ್ಗೆ ಫಾಸ್ಟ್ ಲೋಕಲ್ ರೈಲಿಗೆ ಓಡುವವರು. ನಮ್ಮ ಗೋಡೆ ಗಡಿಯಾರವನ್ನು ಅವರು ಬೇಕೆಂದೇ ಹತ್ತು ಹನ್ನೆರಡು ನಿಮಿಷ ಮುಂದಿಟ್ಟಿದ್ದರು. ಎದುರು ಮನೆಯಲ್ಲೂ ಹಾಗೇ, ಮೇಲಿನ ಮಹಡಿಯಲ್ಲೂ ಹಾಗೇ.

"ಅಪ್ಪಾ, ಈ ಗಡಿಯಾರ ಮುಂದ ಐತಿ ಅಂತ ನಿನಗ ಗೊತ್ತೈತೋ ಇಲ್ಲೋ?"

"ಐತಿ."

"ನೋಡಿದ ಕೂಡ್ಲೆ ಮನಸಿನ್ಯಾಗ ಕಳೀತಿ ಹೌದಲ್ಲೋ?"

"ಕಳೀತೀನಿ."

"ಮತ್ತ ಮುಂದಿಟ್ಟು ಏನ್ ಉಪಯೋಗ?"

"ನಾ ದಿನಾ ಗಾಡಿ ಹಿಡೀತೀನಿ, ನೀ ದಿನಾ ಭಾಷಣ ಹೊಡೀತಿ. ಚಹಾ ಕುಡಿಯವಾ, ಆರೇತಿ."

ಇದು ಉತ್ತರವಲ್ಲ. ಯಾವ ತೀರ್ಪುಗಾರರೂ ಇದಕ್ಕೆ ಅಂಕ ಕೊಡಲಾರರು. ಆದರೆ ಆ ಊರುಗಳಲ್ಲಿ ಎಲ್ಲರೂ ಹೀಗೇ ಬದುಕುತ್ತಿದ್ದರು. ಸುಳ್ಳು ಹೇಳುವ ಗಡಿಯಾರ, ಆ ಸುಳ್ಳನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಕಳೆದುಹಾಕುವ ಜನ. ಮೂರ್ಖತನವೆಂದು ತೀರ್ಮಾನಿಸಿ ನಾನು ಅದನ್ನು ಮರೆತೆ.

ಕಾಲೇಜು ಮುಗಿದ ಮೇಲೆ ನನಗೆ ಠಾಣೆಯ ವಾಗ್ಳೆ ಎಸ್ಟೇಟಿನಲ್ಲಿ ಕೆಲಸ ಸಿಕ್ಕಿತು. ಕೆಳಗೆ ಸ್ಪ್ರಿಂಗ್ ಮಾಡುವ ಕಾರ್ಖಾನೆ, ಅದರ ಮೇಲಿನ ಮಹಡಿಯಲ್ಲಿ ನಾವು ಏಳೆಂಟು ಜನ. ಕಾರ್ಖಾನೆಗಳ ದೊಡ್ಡ ಪಂಪುಗಳು ಎಷ್ಟು ನಡುಗುತ್ತಿವೆ ಎಂದು ಅಳೆದು, ಆ ನಡುಕವನ್ನು ಪರದೆಯ ಮೇಲೆ ಗೆರೆಯಾಗಿ ತೋರಿಸುವ ಸಾಫ್ಟ್‌ವೇರ್ ನಮ್ಮದು. ಗೆರೆ ಎದ್ದರೆ ಪಂಪು ಕೆಡುತ್ತಿದೆ, ಸೊನ್ನೆಗೆ ಬಿದ್ದರೆ ಪಂಪು ನಿಂತಿದೆ. ನೋಡುವವರಿಗೆ ಇಷ್ಟು ತಿಳಿದರೆ ಸಾಕು.

ಮಾಲೀಕರು ಮೈಸೂರಿನವರು, ಮನೆ ಕಲ್ಯಾಣದಲ್ಲಿ. ಹಣೆಗೆ ಗಂಧ, ಸರ್ವರ್ ಯಂತ್ರಕ್ಕೆ ನಿಂಬೆಹಣ್ಣು ಮೆಣಸಿನಕಾಯಿ. ಗ್ರಾಫು ಬಿಡಿಸಲು ಹೊರದೇಶದಿಂದ ಕೊಂಡ ಒಂದು ಪ್ಯಾಕೇಜನ್ನು ಅವರು ದೇವರ ಹಾಗೆ ನಂಬಿದ್ದರು. ಅದು ವಾರಕ್ಕೊಮ್ಮೆ ಕೈಕೊಡುತ್ತಿತ್ತು. ಯಾರು ಬೇಕಾದರೂ ಪುಕ್ಕಟೆಯಾಗಿ ಬಳಸಬಹುದಾದ, ಒಳಗಿನ ಕೋಡನ್ನು ಬಿಚ್ಚಿ ತಿದ್ದಿಕೊಳ್ಳಬಹುದಾದ ಒಂದು ಓಪನ್ ಸೋರ್ಸ್ ಲೈಬ್ರರಿ, ಅಂದರೆ ಸಿದ್ಧ ಕೋಡಿನ ಕಟ್ಟು, ಇದೆ, ಅದನ್ನು ಬಳಸೋಣ ಎಂದು ನಾನು ಹೇಳಿದೆ.

"ಪುಕ್ಕಟೆ ಸಿಗೋದನ್ನ ಹೇಗಮ್ಮ ನಂಬೋದು?"

"ಸರ್, ಈಗಿರೋದು ಎಷ್ಟು ಸಲ ಕೈಕೊಟ್ಟಿದೆ?"

"ಅದು ಬೇರೆ ವಿಷ್ಯ."

"ಯಾಕೆ ಬೇರೆ?"

"ಅದಕ್ಕೆ ದುಡ್ಡು ಕೊಟ್ಟಿದೀವಲ್ಲಮ್ಮ."

ಇಂಥ ತರ್ಕದ ಎದುರು ಗೆಲ್ಲುವುದಕ್ಕೆ ಬುದ್ಧಿ ಬೇಡ, ಗಂಟಲು ಸಾಕು. ಮೂರನೆಯ ಸಭೆಯಲ್ಲಿ ಗೆದ್ದೆ. ಅವರು ಸೋತ ಮುಖವನ್ನು ಮುಚ್ಚಿಕೊಳ್ಳಲು ಒಂದು ಷರತ್ತು ಹಾಕಿದರು. ಲೈಬ್ರರಿಯನ್ನು ತಿದ್ದುವುದು ನಾನು, ನನ್ನ ಲಿನಕ್ಸ್ ಯಂತ್ರದಲ್ಲಿ. ಗ್ರಾಹಕರದ್ದೆಲ್ಲ ವಿಂಡೋಸ್ ಆದ್ದರಿಂದ ಅದೇ ಕೋಡನ್ನು ವಿಂಡೋಸಿಗೂ ಬಿಲ್ಡ್ ಮಾಡಬೇಕು. ಅಂದರೆ ನಾವು ಓದುವ ಕೋಡನ್ನು ಆ ಯಂತ್ರ ಓಡಿಸಬಲ್ಲ ರೂಪಕ್ಕೆ ತಂದು, ತುಂಡುಗಳನ್ನು ಜೋಡಿಸಿ ಒಂದು ಫೈಲ್ ಮಾಡಬೇಕು. ಆ ಕೆಲಸ ಇನ್ನೂ ಪ್ರೊಬೇಷನ್ನಿನಲ್ಲಿದ್ದ ನನ್ನ ಸಹೋದ್ಯೋಗಿಗೆ.

"ವಾದ ನಿಮ್ಮದು, ಕೆಲಸ ಅವನದು," ಎಂದರು ಮಾಲೀಕರು. "ನವಿ ಮುಂಬೈ ಪಾರ್ಟಿಗೆ ಡೆಮೋ ಚೆನ್ನಾಗಾದ್ರೆ ಅವನು ಕಾಯಂ. ಆಗ್ಲಿಲ್ವಾ, ಆ ತಿಂಗಳೇ ಲಾಸ್ಟು."

ನಾನು ವಾದಿಸಿದ್ದಕ್ಕೆ ಇನ್ನೊಬ್ಬನ ಕುತ್ತಿಗೆಯನ್ನು ಪಣ ಇಡುವುದು ಯಾವ ನ್ಯಾಯ ಎಂದು ಕೇಳಿದೆ. ಅವರಿಗೆ ಫೋನು ಬಂತು.

ಆ ಸಹೋದ್ಯೋಗಿ ಹುಟ್ಟಿ ಬೆಳೆದದ್ದು ಕಲ್ಯಾಣದಲ್ಲಿ. ಮನೆಯವರು ಉಡುಪಿ ಕಡೆಯವರು, ಮನೆಯಲ್ಲಿ ತುಳು. ಅವನ ಸೋದರಮಾವನಿಗೆ ಉಲ್ಹಾಸನಗರದಲ್ಲಿ ಹೋಟೆಲು. ಗಲ್ಲಾದಲ್ಲಿ ಮನೆಯವರೇ ಕೂರಬೇಕು ಎಂಬುದು ಮಾವನ ಕಟ್ಟಳೆ. ಮಾವನಿಗೆ ಮಕ್ಕಳಿಲ್ಲ. ಆದ್ದರಿಂದ ಆ ಕುರ್ಚಿ ಇವನು ನಿಕ್ಕರ್ ಹಾಕುತ್ತಿದ್ದ ಕಾಲದಿಂದ ಇವನಿಗೆಂದೇ ನಿಗದಿಯಾಗಿತ್ತು. ಶಾಲೆಯ ಪ್ರತಿ ರಜೆಯನ್ನೂ ಅಲ್ಲಿ ಕೂತು ಕಳೆದವನು. ಕಂಪ್ಯೂಟರ್ ಕಲಿತದ್ದೇ ಅದರಿಂದ ತಪ್ಪಿಸಿಕೊಳ್ಳಲು.

"ಮಾವ ಮೊನ್ನೆಯೂ ಫೋನ್ ಮಾಡಿದ್ರು," ಎಂದ ಒಮ್ಮೆ. "ಪ್ರೊಬೇಷನ್ ಅಂದ್ರೆ ಎಂತ, ಕೆಲಸವಾ, ಕೆಲಸದ ಟ್ರಯಲ್ಲಾ ಅಂತ ಕೇಳ್ತಾರೆ. ಇದು ಹೋದ್ರೆ ಮರುದಿನ ಬೆಳಿಗ್ಗೆಯೇ ಗಲ್ಲಾ. ತಪ್ಪಿಸ್ಲಿಕ್ಕೆ ನನ್ನ ಹತ್ರ ಬೇರೆ ನೆವ ಇಲ್ಲ ಮಾರಾಯ್ತಿ."

ತೊಂದರೆ ಹೀಗೆ ಶುರುವಾಯಿತು. ಪಂಪಿಗೆ ಅಂಟಿಸಿದ ಸೆನ್ಸರ್ ಆಗಾಗ ಒಂದೆರಡು ಅಳತೆಗಳನ್ನು ನುಂಗಿಬಿಡುತ್ತದೆ. ಅಳತೆಯೇ ಬರದ ಕಡೆ ಗೆರೆ ತುಂಡಾಗಿ, ಮುಂದೆ ಮತ್ತೆ ಶುರುವಾಗಬೇಕು. ಲೈಬ್ರರಿ ಮಾತ್ರ ಅಲ್ಲಿ ಗೆರೆಯನ್ನು ಸೀದಾ ಸೊನ್ನೆಗೆ ಇಳಿಸಿ ಮೇಲಕ್ಕೆ ತರುತ್ತಿತ್ತು. ಓಡುತ್ತಿರುವ ಪಂಪು ಪರದೆಯ ಮೇಲೆ ನಿಂತು ನಿಂತು ಓಡಿದಂತೆ ಕಾಣುತ್ತಿತ್ತು. ನಾನು ಕೋಡಿನಲ್ಲಿ ಆ ಜಾಗ ಹುಡುಕಿ ತಿದ್ದಿದೆ. ನನ್ನ ಯಂತ್ರದಲ್ಲಿ ಸರಿಹೋಯಿತು. ಅದೇ ಫೈಲನ್ನು ಅವನು ವಿಂಡೋಸ್ ಯಂತ್ರಕ್ಕೆ ತೆಗೆದುಕೊಂಡು ಬಿಲ್ಡ್ ಮಾಡಿದ. ಪಂಪು ಮತ್ತೆ ನಿಂತಿತು.

ಇನ್ನೊಂದು ಕಡೆ ತಿದ್ದಿ ಕೊಟ್ಟೆ. ನಿಂತಿತು. ಪರೀಕ್ಷೆಗೆಂದು ಗೆರೆಯ ಬಣ್ಣವನ್ನು ಹಸಿರು ಮಾಡಿ ಕೊಟ್ಟೆ. ನನ್ನಲ್ಲಿ ಹಸಿರು, ಅವನಲ್ಲಿ ಕೆಂಪು. ಊಟ ಮುಗಿಸಿ ಏನೋ ಚಿಕ್ಕದು ತಿದ್ದಿ ಕೊಟ್ಟರೆ ಹಸಿರು ಬಂತು, ಆದರೆ ಪಂಪು ನಿಂತೇ ಇತ್ತು. ಒಂದೇ ಕೋಡು, ಎರಡು ಯಂತ್ರ, ಎರಡು ಸತ್ಯ. ನಾನು ಎರಡು ಸತ್ಯಗಳನ್ನು ಒಪ್ಪುವವಳಲ್ಲ.

ಆಗ ಬಂತು ನೋಡಿ, ಪಂಡಿತರ ಮೆರವಣಿಗೆ. ಆಂಟಿವೈರಸ್ ತೆಗೆಯಿರಿ ಎಂದ ಒಬ್ಬ. ತೆಗೆದೆವು. ಹಾಕಿರಿ ಎಂದ ಇನ್ನೊಬ್ಬ. ಲೈಬ್ರರಿಯ ಬಳಕೆದಾರರ ಮೇಲಿಂಗ್ ಲಿಸ್ಟಿಗೆ ಬರೆದೆ. ಸಾಗರದಾಚೆಯ ಯಾರೋ ಒಬ್ಬ ಮಹಾನುಭಾವ ತನ್ನಲ್ಲಿ ಎಲ್ಲ ಸರಿಯಾಗಿದೆ ಎಂದು ಒಂದೇ ಸಾಲು ಬರೆದು ಕೃತಾರ್ಥನಾದ. ನಿನ್ನ ಮನೆಯಲ್ಲಿ ಯಾರಿಗೂ ಜ್ವರ ಇಲ್ಲದಿದ್ದರೆ ನನಗೂ ಇಲ್ಲವೇ? ಇನ್ನೊಬ್ಬ, ಕೋಡನ್ನು ಯಂತ್ರದ ರೂಪಕ್ಕೆ ತರುವ ವಿಂಡೋಸಿನ ಕಂಪೈಲರ್, ಬರದ ಅಳತೆಗಳನ್ನು ಬೇರೆ ರೀತಿ ಲೆಕ್ಕ ಹಾಕಬಹುದು ಎಂದ. ಕೇಳಲು ವಿದ್ವತ್ತು. ಅದರ ಬೆನ್ನು ಹತ್ತಿ ಒಂದು ವಾರ ಹಾಳಾಯಿತು. ಕಂಪೈಲರಿಗೆ ಕೊಡುವ ಒಂದೊಂದೇ ಸೂಚನೆಯನ್ನು ಬದಲಿಸಿ ನೋಡಿದೆವು. ಒಂದು ಸಲ ಸರಿಹೋದಂತಾಗಿ, ಮರುಗಳಿಗೆ ಕೆಟ್ಟಿತು. ಮಾಲೀಕರು ಎಲ್ಲರಿಗಿಂತ ಒಂದು ಹೆಜ್ಜೆ ಮುಂದೆ ಹೋಗಿ ನಿಂಬೆಹಣ್ಣು ಬದಲಿಸಿದರು.

ಎಲ್ಲವನ್ನೂ ಅಳಿಸಿ ಮೊದಲಿಂದ ಬಿಲ್ಡ್ ಮಾಡೋಣವೆಂದರೆ ಆ ಯಂತ್ರಕ್ಕೆ ಅರ್ಧ ದಿನ ಹಿಡಿಯುತ್ತಿತ್ತು. ಅದು ಮಾಲೀಕರ ಹಳೆಯ ಯಂತ್ರ. ಕ್ಯಾಬಿನ್ನಿನ ಗಾಜಿನ ಈಚೆಗೇ ಇತ್ತು, ಈಗಲೂ ಊಟದ ನಂತರ ಬಂದು ಅದರಲ್ಲೇ ತಮ್ಮ ಬಿಲ್ಲುಗಳನ್ನು ಮಾಡುತ್ತಿದ್ದರು. ಆದ್ದರಿಂದ ಬದಲಾದ ತುಂಡುಗಳನ್ನು ಮಾತ್ರ ಮತ್ತೆ ಮಾಡುವುದು, ಉಳಿದವನ್ನು ಹಾಗೇ ಬಿಡುವುದು ನಮ್ಮ ಪದ್ಧತಿ. ಯಾವ ತುಂಡು ಬದಲಾಗಿದೆ ಎಂದು ಬಿಲ್ಡ್ ಮಾಡುವ ಪ್ರೋಗ್ರಾಮೇ ನೋಡಿಕೊಳ್ಳುತ್ತದೆ.

ಡೆಮೋ ಹತ್ತಿರ ಬಂತು. ಅವನು ಊಟ ಕಡಿಮೆ ಮಾಡಿದ. ಒಂದು ಮಧ್ಯಾಹ್ನ ಮೆಲ್ಲಗೆ ಹೇಳಿದ:

"ನಗಬಾರ್ದು ನೀನು. ಚಾ ಕುಡಿದು ಬಂದ್ರೆ ಸರಿ ಆಗ್ತದೆ."

"ಏನು?"

"ಬಿಲ್ಡು. ಚಾಕ್ಕೆ ಹೋಗಿ ಬಂದು, ಆಮೇಲೆ ನೀನು ತಿದ್ದಿ ಕೊಟ್ಟದ್ದು ಹೆಚ್ಚಾಗಿ ಸರಿ ಬರ್ತದೆ. ನಾನು ನೋಡ್ತಾ ಇದ್ದೇನೆ."

"ನೀನೂ ಒಂದು ನಿಂಬೆಹಣ್ಣು ಕಟ್ಟು."

"ನಗಬೇಡ ಅಂದೆ ಅಲ್ವಾ ಮಾರಾಯ್ತಿ."

ನನಗೆ ನಗು ಬಂದಿರಲಿಲ್ಲ, ಸಿಟ್ಟು ಬಂದಿತ್ತು. ಮಾಲೀಕರ ಮೂಢನಂಬಿಕೆಗೆ ಕನಿಷ್ಠ ಸಂಪ್ರದಾಯದ ಬೆಂಬಲವಿದೆ. ಇವನದು ಅರ್ಧ ಲೋಟದ ಕಟಿಂಗ್ ಚಹಾದಲ್ಲಿ ಹುಟ್ಟಿದ್ದು. ಇದನ್ನು ಅಲ್ಲೇ ಮಣ್ಣು ಮಾಡಬೇಕೆಂದು ತೀರ್ಮಾನಿಸಿದೆ. ಚರ್ಚೆಯಲ್ಲಿ ಎದುರಾಳಿಯ ಮಾತನ್ನು ಕೆಡವಬೇಕಾದರೆ ಮೊದಲು ಅದನ್ನು ಅವನಿಗಿಂತ ಚೆನ್ನಾಗಿ ಮಂಡಿಸಬೇಕು. ಹಾಗೇ ಮಾಡಿದೆ. ಅವನು ಬಿಲ್ಡ್ ಮಾಡಿದ ಕೂಡಲೇ ಗೆರೆಯನ್ನು ನೀಲಿ ಮಾಡಿ ಕೊಟ್ಟೆ, ಆಮೇಲೆ ಇಬ್ಬರೂ ಕೆಳಗಿಳಿದು ಚಹಾ ಕುಡಿದು ಬಂದು ಬಿಲ್ಡ್ ಮಾಡಿದೆವು. ನೀಲಿ ಬರಲಿಲ್ಲ.

"ಸತ್ತಿತು ನಿನ್ನ ಚಾ ಸಿದ್ಧಾಂತ," ಎಂದೆ.

"ಹಾಗಲ್ಲ. ಚಾ ಕುಡಿದ ಮೇಲೆ ತಿದ್ದಬೇಕು. ನೀನು ಮೊದಲೇ ತಿದ್ದಿದ್ದು."

ಇದು ಜಾರಿಕೊಳ್ಳುವವರ ಉಪಾಯ. ಸೋತ ಮೇಲೆ ನಿಯಮ ಬದಲಿಸುವುದು. ಆದರೂ ಪೂರ್ತಿ ಮುಗಿಸಿಯೇ ಬಿಡೋಣವೆಂದು, ಈಗಷ್ಟೇ ಚಹಾ ಕುಡಿದು ಬಂದಿದ್ದರಿಂದ, ಗೆರೆಯನ್ನು ಕಪ್ಪು ಮಾಡಿ ಕೊಟ್ಟೆ. ಅವನು ಬಿಲ್ಡ್ ಮಾಡಿದ. ಕಪ್ಪು ಬಂತು.

ಕೂಡಲೇ ಹಳದಿ ಮಾಡಿ ಕೊಟ್ಟೆ. ಕಪ್ಪೇ ಉಳಿಯಿತು.

ಚಹಾಕ್ಕೆ ಬಣ್ಣ ಬದಲಿಸುವ ಶಕ್ತಿ ಇಲ್ಲ ಎಂಬುದರಲ್ಲಿ ನನಗೆ ಸಂಶಯವಿರಲಿಲ್ಲ. ಹಾಗಾದರೆ ಚಹಾ ಕುಡಿಯುವಾಗ ಬೇರೆ ಏನು ಆಗುತ್ತದೆ? ಏನೂ ಆಗುವುದಿಲ್ಲ. ಹೊತ್ತು ಹೋಗುತ್ತದೆ, ಅಷ್ಟೇ.

ಅವನು ಆಗತಾನೆ ಬಿಲ್ಡ್ ಮಾಡಿದ ತುಂಡುಗಳನ್ನು ನನ್ನ ಯಂತ್ರಕ್ಕೆ ಕಳುಹಿಸಲು ಹೇಳಿದೆ. ಬಂದವು. ಅವುಗಳ ಪಕ್ಕದಲ್ಲಿ, ಹುಟ್ಟಿದ ಸಮಯ ತೋರಿಸುವ ಕಡೆ ನೋಡಿದೆ. ನನ್ನ ಯಂತ್ರದ ಗಡಿಯಾರ ನೋಡಿದೆ. ಮೊಬೈಲು ನೋಡಿದೆ. ನನ್ನ ಎದುರಿಗಿದ್ದ ಆ ಫೈಲುಗಳು, ಅವೇ ಹೇಳುವ ಪ್ರಕಾರ, ಇನ್ನೂ ಹುಟ್ಟಿಯೇ ಇರಲಿಲ್ಲ.

"ನಿನ್ನ ಯಂತ್ರದಲ್ಲಿ ಈಗ ಟೈಮೆಷ್ಟು?"

ಅವನು ಪರದೆಯ ಮೂಲೆ ನೋಡಿ ಹೇಳಿದ. ಅವನು ಹೇಳಿದ ಸಮಯ ಸರಿಯಾಗಿತ್ತು. ನನಗೆ ತಲೆ ಕೆಟ್ಟಿತು. ಎದ್ದು ಹೋಗಿ ನೋಡಿದರೆ ಮೂಲೆಯಲ್ಲಿ ಬೇರೆಯೇ ಇದೆ, ಹನ್ನೆರಡು ನಿಮಿಷ ಮುಂದೆ.

"ಇಲ್ಲಿ ಬೇರೆ ಇದೆಯಲ್ಲ! ನೀನು ಬೇರೆ ಹೇಳಿದೆ!"

"ಕಳೆದು ಹೇಳಿದ್ದು," ಎಂದ ಅವನು, ನನಗೇ ಏನೋ ಆಗಿದೆಯೆಂಬಂತೆ ನೋಡುತ್ತ. "ಅದು ಸರ್ ಇಟ್ಟದ್ದಲ್ವಾ. ಕ್ಯಾಬಿನಿನಿಂದ ಕಾಣ್ತದೆ ಅಂತ. ಅವರ ಕಲ್ಯಾಣ್ ಫಾಸ್ಟ್ ತಪ್ಪಬಾರ್ದು ಅಂತ. ಎಲ್ಲರಿಗೂ ಗೊತ್ತುಂಟಲ್ಲ?"

ಎಲ್ಲರಿಗೂ ಗೊತ್ತಿತ್ತು. ನನ್ನೊಬ್ಬಳನ್ನು ಬಿಟ್ಟು ಇಡೀ ಆಫೀಸಿಗೆ ಗೊತ್ತಿತ್ತು. ಅಂತರ್ಜಾಲದಿಂದ ಸರಿಯಾದ ಸಮಯ ಬಂದು ಈ ಸುಳ್ಳನ್ನು ಕೆಡಿಸಬಾರದೆಂದು ಆ ಸೌಕರ್ಯವನ್ನೂ ಮಾಲೀಕರು ಕಿತ್ತು ಹಾಕಿದ್ದರು. ಏಳೆಂಟು ಜನ, ಎಲ್ಲ ಕಲ್ಯಾಣ ಡೊಂಬಿವಲಿಯಲ್ಲಿ ಬೆಳೆದವರು, ದಿನವಿಡೀ ಆ ಮೂಲೆ ನೋಡುತ್ತಿದ್ದರು, ದಿನವಿಡೀ ಕಳೆಯುತ್ತಿದ್ದರು. ಕಳೆಯಲು ಬಾರದವರು ಅಲ್ಲಿ ಇದ್ದದ್ದು ಒಬ್ಬರೇ, ಬಿಲ್ಡ್ ಮಾಡುವ ಪ್ರೋಗ್ರಾಮು. ಅದಕ್ಕೆ ತಿಳಿದದ್ದು ಒಂದೇ ಲೆಕ್ಕ: ತಿದ್ದಿದ ಕೋಡಿನ ಸಮಯ, ಹಿಂದೆ ಮಾಡಿಟ್ಟ ತುಂಡಿನ ಸಮಯಕ್ಕಿಂತ ಈಚಿನದ್ದಾದರೆ ಹೊಸದಾಗಿ ಮಾಡು, ಇಲ್ಲವಾದರೆ ಇದ್ದದ್ದೇ ಸಾಕು. ನಾನು ಸರಿಯಾದ ಗಡಿಯಾರದಲ್ಲಿ ತಿದ್ದಿ ಕೊಟ್ಟ ಕೋಡು, ಮುಂದೆ ಓಡುವ ಗಡಿಯಾರದಲ್ಲಿ ಹುಟ್ಟಿದ ತುಂಡಿನ ಎದುರು ಹಳತಾಗಿ ಕಾಣುತ್ತಿತ್ತು. ನನ್ನ ತಿದ್ದುಪಡಿಗಳನ್ನು ಅದು ಕಸದ ಹಾಗೆ ಬದಿಗೆ ತಳ್ಳುತ್ತಿತ್ತು. ಚಹಾಕ್ಕೆ ಹೋಗಿ ಬಂದು ತಿದ್ದಿದರೆ ಆ ಅಂತರ ಸವೆದು ಹೋಗಿ, ಕೋಡು ಹೊಸದಾಗುತ್ತಿತ್ತು.

ನಾನು ನೇರ ಕ್ಯಾಬಿನ್ನಿಗೆ ಹೋದೆ.

"ಸರ್, ಆ ಯಂತ್ರದ ಗಡಿಯಾರ ಸರಿ ಮಾಡ್ತಿದೀನಿ."

"ಅದನ್ನ ಮುಟ್ಟಬೇಡಿ."

"ಗ್ರಾಫ್ ಕೆಡ್ತಿರೋದು ಅದ್ರಿಂದಾನೇ."

"ಗಡಿಯಾರದಿಂದ ಗ್ರಾಫ್ ಕೆಡುತ್ತಾ? ಪುಕ್ಕಟೆ ಮಾಲು, ಕೆಟ್ಟಿದೆ ಅಂತ ಒಪ್ಪಿಕೊಳ್ಳೋಕೆ ನಿಮಗೆ ಕಷ್ಟ. ಅದಕ್ಕೆ ನನ್ನ ಗಡಿಯಾರ."

"ತೋರಿಸ್ತೀನಿ, ಬನ್ನಿ."

"ನೋಡಮ್ಮ, ಆ ಟೈಮ್ ಇಟ್ಟ ಮೇಲೆ ನಾನು ಒಂದು ದಿನ ಟ್ರೈನ್ ತಪ್ಪಿಸಿಕೊಂಡಿಲ್ಲ."

"ಟ್ರೈನ್ ತಪ್ಪಿದ್ರೆ ಹಿಂದೆ ಇನ್ನೊಂದು ಬರುತ್ತೆ ಸರ್. ಆ ಹುಡುಗನಿಗೆ ಬರಲ್ಲ."

"ಡೆಮೋ ನಾಳೆ," ಎಂದರು ಅವರು. "ಭಾಷಣ ನಾಡಿದ್ದು."

ಅದಾದ ಮೇಲೂ ನಾನು ಬಿಡಲಿಲ್ಲ. ಸಾಕ್ಷ್ಯ ಮಂಡಿಸಿದೆ, ಪೂರ್ವಪಕ್ಷ ಖಂಡಿಸಿದೆ, ಒಂದು ರೈಲಿಗಾಗಿ ಇಡೀ ಕಂಪನಿ ಸುಳ್ಳಿನ ಮೇಲೆ ನಡೆಯಬೇಕೇ ಎಂದು ಕೇಳಿದೆ. ಅಷ್ಟು ಚೆನ್ನಾಗಿ ನಾನು ಯಾವ ಸ್ಪರ್ಧೆಯಲ್ಲೂ ಮಾತಾಡಿರಲಿಲ್ಲ. ಅವರು ಕೇಳಿಸಿಕೊಳ್ಳುತ್ತಲೇ ಗಾಜಿನಾಚೆಗೆ ಕಣ್ಣು ಹಾಯಿಸಿ, ಆ ಪರದೆಯ ಮೂಲೆ ನೋಡಿ, ಬ್ಯಾಗು ಎತ್ತಿಕೊಂಡು ಹೊರಟರು.

ಹೊರಗೆ ಬಂದರೆ ಅವನು ಹಳೆಯ ತುಂಡುಗಳನ್ನೆಲ್ಲ ಆಗಲೇ ಅಳಿಸಿ, ಮೊದಲಿಂದ ಬಿಲ್ಡ್ ಶುರು ಮಾಡಿದ್ದ. ರಾತ್ರಿಯಿಡೀ ಓಡಲು ಬಿಟ್ಟು ಮನೆಗೆ ಹೋದೆವು. ಬೆಳಿಗ್ಗೆ ಬಂದು ನೋಡಿದಾಗ ಅಳತೆ ಬರದ ಕಡೆ ಗೆರೆ ತುಂಡಾಗಿ, ಮುಂದೆ ಮತ್ತೆ ಶುರುವಾಗಿತ್ತು. ಪಂಪು ಓಡುತ್ತಿತ್ತು.

ಪಾರ್ಟಿಯ ಕಾರ್ಖಾನೆ ಘಣಸೋಲಿಯ ಆಚೆ. ಅಲ್ಲಿಯ ಇಂಜಿನಿಯರು ತಾವೇ ಸೆನ್ಸರಿನ ವೈರು ಎಳೆದು, ಮತ್ತೆ ಸಿಕ್ಕಿಸಿ ನೋಡಿದರು. ಗೆರೆ ತುಂಡಾಯಿತು, ಸೊನ್ನೆಗೆ ಬೀಳಲಿಲ್ಲ. ತಲೆ ಆಡಿಸಿದರು. "ಪಣ್ ಹಾ ಪಿವಳಾ ರಂಗ್ ನಕೋ," ಎಂದರು. ಹಳದಿ ಬಣ್ಣ ಮಾತ್ರ ಬೇಡವಂತೆ. ನಮ್ಮ ಅಷ್ಟೂ ದಿನಗಳ ಪರದಾಟದ ಬಗ್ಗೆ ಹೊರಗಿನ ಲೋಕ ಆಡಿದ ಒಂದೇ ಮಾತು ಅದು. ವಾಪಸು ಬರುವಾಗ ಟ್ಯಾಕ್ಸಿಯ ಮುಂದಿನ ಸೀಟಿನಿಂದ ಮಾಲೀಕರು ಹಿಂದೆ ತಿರುಗದೆಯೇ ಅವನಿಗೆ, "ಆಯ್ತಪ್ಪ, ಕಾಯಂ," ಎಂದರು. ನಿಂಬೆಹಣ್ಣಿನ ಅಂಗಡಿಯ ಹತ್ತಿರ ಗಾಡಿ ನಿಲ್ಲಿಸಿದರು.

ಮರುದಿನ ಬಣ್ಣ ಬದಲಿಸಬೇಕಿತ್ತು. ನಾನು ತಿದ್ದಿ ಕೊಟ್ಟೆ, ಅವನು ಕೂಡಲೇ ಬಿಲ್ಡ್ ಮಾಡಿದ, ಬಣ್ಣ ಬಂತು. ಮೂಲೆಯ ಗಡಿಯಾರ ಮಾತ್ರ ಮುಂದೆಯೇ ಇತ್ತು.

"ಏನು ಮಾಡಿದೆ?"

"ನಿನ್ನ ಫೈಲು ಇಲ್ಲಿಗೆ ಬಂದ ಕೂಡ್ಲೆ ಅದಕ್ಕೂ ಈ ಯಂತ್ರದ ಟೈಮನ್ನೇ ಹಾಕುವ ಹಾಗೆ ಎರಡು ಸಾಲು ಬರೆದೆ. ಈಗ ಎಲ್ಲ ಒಂದೇ ಟೈಮಲ್ಲಿ ಉಂಟು."

"ಅಂದ್ರೆ ನನ್ನ ಫೈಲಿಗೂ ಸುಳ್ಳು ಹೇಳೋಕೆ ಕಲಿಸಿದೆ."

"ಹೌದು."

"ನಾಚಿಕೆ ಆಗಲ್ವಾ? ತಪ್ಪು ಅವರದ್ದು. ತೋರಿಸಿಕೊಟ್ಟಿದೀವಿ. ಗೆದ್ದ ವಾದನ ಕೊಂಡು ಹೋಗಿ ಅವರ ಕಾಲಿಗೆ ಹಾಕಿದೀಯಲ್ಲ!"

"ಗೆದ್ದದ್ದು ನೀನು. ಅವರು ಕೇಳಿದ್ರಾ?" ಅವನು ಕುರ್ಚಿ ತಿರುಗಿಸಿದ. "ನನಗೆ ಅವರ ಗಡಿಯಾರ ಸರಿ ಮಾಡ್ಲಿಕ್ಕಿಲ್ಲ ಮಾರಾಯ್ತಿ. ಗಲ್ಲಾದಲ್ಲಿ ಕೂರ್ಲಿಕ್ಕಿಲ್ಲ, ಅಷ್ಟೇ."

ಆ ಎರಡು ಸಾಲುಗಳನ್ನು ನಾನು ಆಗಲೂ ತಿರಸ್ಕರಿಸಿದೆ, ಈಗಲೂ ತಿರಸ್ಕರಿಸುತ್ತೇನೆ. ಅವು ಕೆಲಸ ಮಾಡುತ್ತವೆ ಎಂಬುದು ಅವುಗಳ ಪರವಾದ ವಾದವಲ್ಲ. ನಿಂಬೆಹಣ್ಣು ಕಟ್ಟಿದವರೂ ಅದನ್ನೇ ಹೇಳುತ್ತಾರೆ.

ಸಂಜೆ ಠಾಣೆ ಸ್ಟೇಷನ್ನಿನಲ್ಲಿ ನಿಂತು ಅವನು ಮಾವನಿಗೆ ಫೋನು ಮಾಡಿದ. ತುಳುವಿನಲ್ಲಿ ಮಾತು. ನನಗೆ ತಿಳಿದದ್ದು 'ಕಾಯಂ' ಒಂದೇ. ಆಚೆಯಿಂದ ಏನೋ ಕೇಳಿದರು, ಇವನು ಫೋನಿಗೆ ಕೈ ಅಡ್ಡ ಹಿಡಿದ.

"ಏನಂತೆ?"

"ಕಾಯಂ ಅಂದ್ರೆ ಎಷ್ಟು ವರ್ಷಕ್ಕೆ ಅಂತ ಕೇಳ್ತಿದ್ದಾರೆ."

ಆ ಇಡೀ ಪ್ರಕರಣದಲ್ಲಿ ಯಾರಾದರೂ ಕೇಳಿದ ಮೊದಲ ಸರಿಯಾದ ಪ್ರಶ್ನೆ ಅದು. ಅವನು ಫೋನನ್ನು ನನ್ನ ಕಡೆ ಚಾಚಿದ. "ನೀನೇ ಹೇಳು. ವಾದ ನಿನ್ನದಲ್ವಾ?"

ತೆಗೆದುಕೊಂಡೆ. "ಮಾವ, ಎಷ್ಟು ವರ್ಷಕ್ಕೋ ಗೊತ್ತಿಲ್ಲ," ಎಂದೆ. "ಗಲ್ಲಾಕ್ಕೆ ಮಾತ್ರ ಬೇರೆ ಯಾರನ್ನಾದ್ರೂ ನೋಡಿಕೊಳ್ಳಿ." ಆಚೆ ಕಡೆ ಪಾತ್ರೆಗಳ ಸದ್ದು, ಯಾರೋ ಎರಡು ಕಾಫಿ ಕೂಗಿದ ಸದ್ದು. ಆಮೇಲೆ ಮಾವ ಕನ್ನಡದಲ್ಲಿ, "ನೀವು ಯಾರಮ್ಮ?" ಎಂದರು. ಅಷ್ಟರಲ್ಲಿ ಕಲ್ಯಾಣ್ ಫಾಸ್ಟ್ ಬಂತು. ಬಾಗಿಲಲ್ಲಿ ನೇತಾಡುವ ಜನರ ನಡುವೆ ಅವನು ನನಗೂ ಒಂದು ಕೈ ಹಿಡಿಯುವ ಜಾಗ ಮಾಡಿದ.